ಇತಿಹಾಸದ ಮಾತಿಗೂ ವಿಳಾಸ ಬೇಕು

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಬರೆದವರ ಹೆಸರು, ವಿಳಾಸ ತಿಳಿಯದ ಪತ್ರಗಳನ್ನು ಪತ್ರಿಕೆಗಳು ವಾಚಕರ ಅಂಕಣದಲ್ಲಿ ಪ್ರಕಟಿಸುವುದಿಲ್ಲ. ಅದು ಒಳ್ಳೆಯ ನಿಯಮ. ಆದರೆ ನಮ್ಮ ಗಡಿನಾಡಿನಲ್ಲಿ ಪ್ರಾಚೀನ ಇತಿಹಾಸದ ಹೆಸರಿನಲ್ಲಿ ಅಚ್ಚಾಗುವ ಲೇಖನಗಳಿಗೆ, ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಬರುವ ಕ್ಷೇತ್ರ ಪರಿಚಯಗಳಿಗೆ, ಮೊಬೈಲಿನಲ್ಲಿ ಮನೆಯಿಂದ ಮನೆಗೆ ಹೋಗುವ ಬರಹಗಳಿಗೆ ಇಂಥ ನಿಯಮ ಯಾವುದೂ ಇಲ್ಲ. ‘ಶಾಸನಗಳಲ್ಲಿ ಉಲ್ಲೇಖವಿದೆ’, ‘ಇತಿಹಾಸಕಾರರು ಹೇಳುತ್ತಾರೆ’ ಎಂಬ ಎರಡು ಮಾತುಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಯಾವ ಶಾಸನ, ಅದು ಎಲ್ಲಿದೆ, ಓದಿದವರು ಯಾರು, ಯಾವ ಸಂಪುಟದಲ್ಲಿ ಎಷ್ಟನೆಯ ಸಂಖ್ಯೆಯಾಗಿ ಅಚ್ಚಾಗಿದೆ ಎಂದು ವಿಚಾರಿಸಿದರೆ ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ತರಗತಿಗಳಲ್ಲಿ ಬಹುಕಾಲ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ನಾನು, ಈ ಒಂದು ಕೊರತೆಯ ಕುರಿತು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿ ಬಂದಿದೆ. ತಾವು ಸ್ಥಳಾವಕಾಶ ಕೊಡುವಿರೆಂದು ನಂಬಿದ್ದೇನೆ.

ಕಳೆದ ಮಳೆಗಾಲದಲ್ಲಿ ನೆರೆಮನೆಯ ಹುಡುಗಿಯೊಬ್ಬಳು, ಪ್ಲಸ್ ಟು ಓದುತ್ತಿರುವವಳು, ಊರಿನ ಪ್ರಾಚೀನ ಚರಿತ್ರೆಯ ಬಗ್ಗೆ ಬರೆದ ತನ್ನ ಪ್ರಾಜೆಕ್ಟನ್ನು ತಿದ್ದಿ ಕೊಡಬೇಕೆಂದು ತಂದಿದ್ದಳು. ಮೊದಲ ಪುಟದಲ್ಲೇ ‘ಅಶೋಕನ ಶಾಸನದಲ್ಲಿ ಹೇಳಿರುವ ಸತಿಯಪುತ್ರರ ನಾಡು ನಮ್ಮ ಕಾಸರಗೋಡು’ ಎಂಬ ವಾಕ್ಯವಿತ್ತು. ಇದು ಎಲ್ಲಿ ಸಿಕ್ಕಿತೆಂದು ಕೇಳಿದೆ. “ಎರಡು ಪುಸ್ತಕದಲ್ಲಿ ಉಂಟು ಮಾಷ್ಟ್ರೇ, ಎರಡೂ ಹಳೆಯ ಪುಸ್ತಕಗಳೇ” ಎಂದು ಆಕೆ ಧೈರ್ಯದಿಂದ ಹೇಳಿದಳು. ಆಕೆಯನ್ನು ದೂರುವಂತಿರಲಿಲ್ಲ. ಅದೇ ಮಾತನ್ನು ನಾನೂ ತರಗತಿಯಲ್ಲಿ ಕೆಲವು ವರ್ಷ ಹೇಳಿದ್ದೆ, ನನಗೆ ಅದನ್ನು ಹೇಳಿಕೊಟ್ಟವರು ಓದಿಕೊಂಡವರೇ ಆಗಿದ್ದರು.

ಈ ಸತಿಯಪುತ್ರರ ಸಂಗತಿಯನ್ನು ಇಲ್ಲಿ ವಿವರಿಸಬೇಕು, ಏಕೆಂದರೆ ಮೂಲವೆಂದರೇನು ಎಂಬುದನ್ನು ನಮ್ಮ ಮಕ್ಕಳಿಗೆ ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತಿಳಿದಿಲ್ಲ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಮೂಲಿಕೆಗಳನ್ನು ನೆಡಿಸಿದ್ದನ್ನು, ದಾರಿಗಳಲ್ಲಿ ಬಾವಿ ತೋಡಿಸಿದ್ದನ್ನು ಹೇಳುವ ಅಶೋಕನ ಎರಡನೆಯ ಬಂಡೆಗಲ್ಲು ಶಾಸನದಲ್ಲಿ, ಅವನ ರಾಜ್ಯದ ಗಡಿಯಾಚೆಯವರಾಗಿ ಚೋಳರು, ಪಾಂಡ್ಯರು, ಸತಿಯಪುತ್ರ, ಕೇರಳಪುತ್ರ ಮತ್ತು ತಾಮ್ರಪರ್ಣಿಯ (ಅಂದರೆ ಶ್ರೀಲಂಕೆಯ) ಹೆಸರುಗಳು ಬರುತ್ತವೆ. ಉಳಿದವರು ಯಾರೆಂದು ತಿಳಿಯಲು ವಿದ್ವಾಂಸರಿಗೆ ಕಷ್ಟವಾಗಲಿಲ್ಲ. ಸತಿಯಪುತ್ರ ಯಾರೆಂಬುದು ಮಾತ್ರ ಬಹಳ ಕಾಲ ಬಿಡಿಸಲಾಗದ ಗಂಟಾಗಿಯೇ ಉಳಿಯಿತು. ಒಬ್ಬರು ಕೊಂಗುನಾಡು ಎಂದರು, ಒಬ್ಬರು ತುಳುನಾಡು ಎಂದರು. ಕೇರಳದ ಹುಟ್ಟಿನ ಐತಿಹ್ಯ ಹೇಳುವ ಮಲೆಯಾಳ ಗ್ರಂಥ ‘ಕೇರಳೋತ್ಪತ್ತಿ’ಯಲ್ಲಿ ಸತ್ಯಭೂಮಿ ಎಂಬ ಹೆಸರಿರುವುದನ್ನು ಹಿಡಿದು, ಉತ್ತರ ಮಲಬಾರು ಮತ್ತು ಕಾಸರಗೋಡಿನ ಒಂದು ಭಾಗವೇ ಆ ನಾಡು ಎಂದವರೂ ಇದ್ದರು. ಅಂದು ಕೈಯಲ್ಲಿದ್ದ ಸಾಮಗ್ರಿಯಿಂದ ಅಷ್ಟನ್ನೇ ಊಹಿಸಬಹುದಿತ್ತು, ಮತ್ತು ಅವರಲ್ಲಿ ಹೆಚ್ಚಿನವರು ಅದನ್ನು ಊಹೆಯೆಂದೇ ಬರೆದರು.

ಆಮೇಲೆ 1981ರಲ್ಲಿ ತಮಿಳುನಾಡಿನ ತಿರುಕ್ಕೋವಿಲೂರಿನ ಸಮೀಪ ಜಂಬೈ ಎಂಬ ಊರಿನ ಗುಡ್ಡದ ಗುಹೆಯಲ್ಲಿ ತಮಿಳು ಬ್ರಾಹ್ಮಿ ಲಿಪಿಯ ಒಂದು ಸಾಲು ಕಂಡುಬಂತು. ‘ಸತಿಯಪುತೋ’ ಎಂಬ ಬಿರುದಿನ ಅದಿಯನ್ ನೆಡುಮಾನ್ ಅಂಜಿ ಈ ವಸತಿಯನ್ನು ಕೊಟ್ಟನು ಎಂಬುದು ಅದರ ಸಾರ. ಅಂಜಿ ಯಾರೆಂಬುದನ್ನು ಸಂಗಂ ಸಾಹಿತ್ಯ ಮೊದಲೇ ಹೇಳಿತ್ತು: ಅವ್ವೈಯಾರ್ ಎಂಬ ಕವಯಿತ್ರಿಗೆ ಆಶ್ರಯ ಕೊಟ್ಟ ತಗಡೂರಿನ ಅದಿಯಮಾನ್. ತಗಡೂರು ಎಂದರೆ ಇಂದಿನ ಧರ್ಮಪುರಿ. ಹೀಗೆ ಸತಿಯಪುತ್ರರ ನಾಡು ನಮ್ಮ ಕಡಲತೀರವನ್ನು ಬಿಟ್ಟು ಧರ್ಮಪುರಿಯ ಕಡೆಗೆ ಹೋಯಿತು. ಕಲ್ಲಿನ ಮೇಲಿನ ಒಂದೇ ಸಾಲು ಹಲವು ದಶಕಗಳ ಚರ್ಚೆಯನ್ನು ಮುಗಿಸಿತು. ಆದರೆ ಅದಕ್ಕೆ ಮೊದಲು ಅಚ್ಚಾದ ಪುಸ್ತಕಗಳು ಕಪಾಟಿನಲ್ಲಿ ಹಾಗೆಯೇ ಇವೆ. ಅವುಗಳನ್ನು ನೋಡಿ ಬರೆದ ಲೇಖನಗಳು, ಆ ಲೇಖನಗಳನ್ನು ನೋಡಿ ಬರೆದ ಸ್ಮರಣ ಸಂಚಿಕೆಗಳು, ಅವುಗಳಿಂದ ಎತ್ತಿಕೊಂಡ ಪ್ರಾಜೆಕ್ಟುಗಳು ಎಲ್ಲವೂ ಮುಂದುವರಿದಿವೆ. ದಾರಿಯುದ್ದಕ್ಕೂ ‘ಇರಬಹುದು’ ಎಂಬ ಪದ ಉದುರಿ ಹೋಗಿ ‘ಆಗಿದೆ’ ಎಂದಾಗಿದೆ. ಆದ್ದರಿಂದ ಒಂದು ಪುಸ್ತಕವನ್ನು ಆಧಾರವಾಗಿ ಹಿಡಿಯುವ ಮೊದಲು ಅದು ಯಾವ ವರ್ಷದ್ದು, ಆ ವರ್ಷದ ಬಳಿಕ ಹೊಸದೇನು ಸಿಕ್ಕಿದೆ ಎಂದು ನೋಡಲೇಬೇಕು ಎಂಬುದು ಜಂಬೈಯ ಸುದ್ದಿ ತಿಳಿದಂದಿನಿಂದ ನನ್ನ ಅಭ್ಯಾಸವಾಗಿದೆ.

ಅದೇ ಪ್ರಾಜೆಕ್ಟಿನಲ್ಲಿ ಇನ್ನೊಂದು ವಿಷಯವಿತ್ತು. ನಮ್ಮ ಜಿಲ್ಲೆಯ ಅಡೂರಿನಲ್ಲಿ ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಶಾಸನವಿದೆ, ಅದರಲ್ಲಿ ಜಿನಾಲಯಕ್ಕೆ ದತ್ತಿ ಕೊಟ್ಟ ಸಂಗತಿಯಿದೆ ಎಂದು ಆಕೆ ಬರೆದಿದ್ದಳು. ಜಿನಾಲಯದ ದತ್ತಿಯ ಮಾತನ್ನು ಓದಿದಾಗ ನನಗೆ ಸಂಶಯ ಬಂತು. ಫ್ಲೀಟ್ ಎಂಬ ವಿದ್ವಾಂಸರು 19ನೆಯ ಶತಮಾನದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಎಂಬ ನಿಯತಕಾಲಿಕದ 11ನೆಯ ಸಂಪುಟದಲ್ಲಿ ಪ್ರಕಟಿಸಿದ ಶಾಸನವದು. ಆ ಪುಟಗಳನ್ನು ತೆರೆದು ಇಬ್ಬರೂ ಕೂತು ನೋಡಿದೆವು. ಊರಿನ ಹೆಸರು ಆಡೂರು ಎಂದೇ ಇದೆ, ಆದರೆ ಅದು ಅಂದಿನ ಧಾರವಾಡ ಜಿಲ್ಲೆಯ, ಈಗ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲು ತಾಲೂಕಿನ ಆಡೂರು. ಇಂಗ್ಲಿಷಿನಲ್ಲಿ ಎರಡೂ ಊರುಗಳ ಹೆಸರನ್ನು ಒಂದೇ ರೀತಿ ಬರೆಯಬಹುದು. ಯಾರೋ ತಾಲೂಕಿನ ಹೆಸರನ್ನು ನೋಡದೆ ಎತ್ತಿ ಬರೆದುದರಿಂದ ಒಂದು ಶಾಸನವೇ ನೂರಾರು ಮೈಲು ಪ್ರಯಾಣ ಮಾಡಿ ನಮ್ಮ ಜಿಲ್ಲೆಗೆ ಬಂದುಬಿಟ್ಟಿತ್ತು. ನಮ್ಮ ಅಡೂರಿನ ಮಹಾಲಿಂಗೇಶ್ವರ ಕ್ಷೇತ್ರದ ಹಿರಿಮೆಗೆ ಬೇರೆ ಊರಿನ ಶಾಸನವನ್ನು ತಂದು ಜೋಡಿಸುವ ಅಗತ್ಯವಿಲ್ಲ, ಹಾನಗಲ್ಲಿನವರ ಕಲ್ಲನ್ನು ಅವರಿಗೇ ಬಿಡುವುದು ನ್ಯಾಯ. ತಾಲೂಕು, ಜಿಲ್ಲೆ, ಸಂಪುಟ, ಸಂಖ್ಯೆ ಇಷ್ಟನ್ನು ಒಂದು ಸಾಲಿನಲ್ಲಿ ಬರೆಯುವ ಕ್ರಮವಿದ್ದಿದ್ದರೆ ಈ ತಪ್ಪು ಮೊದಲ ಹೆಜ್ಜೆಯಲ್ಲೇ ಸಿಕ್ಕಿಬೀಳುತ್ತಿತ್ತು.

ಈ ವಿಳಾಸದ ಪ್ರಶ್ನೆ ಬೇರೆ ಕಡೆಯವರಿಗಿಂತ ನಮಗೆ ಹೆಚ್ಚು ತೊಡಕಿನದು. ಕರ್ನಾಟಕದ ಶಾಸನಗಳೆಂದರೆ ಎಲ್ಲರೂ ಮೊದಲು ಹುಡುಕುವುದು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು. ಬಿ.ಎಲ್. ರೈಸ್ ಅವರು 1886ರಿಂದ 1905ರ ವರೆಗೆ ಹೊರತಂದ 12 ಸಂಪುಟಗಳು ಕೊಡಗು ಮತ್ತು ಹಳೆಯ ಮೈಸೂರು ಸಂಸ್ಥಾನಕ್ಕೆ ಸಂಬಂಧಪಟ್ಟವು. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಅವುಗಳನ್ನು ಪರಿಷ್ಕರಿಸಿ ಮತ್ತೆ ತಂದಿದೆ. ಮೂಲ ಪಾಠ ಕನ್ನಡ ಲಿಪಿಯಲ್ಲೇ ಇರುವುದರಿಂದ ಇಂಗ್ಲಿಷ್ ಬಾರದವರೂ ಅವನ್ನು ಬಳಸಬಹುದು. ಆದರೆ ಕಾಸರಗೋಡನ್ನು ಅಲ್ಲಿ ಹುಡುಕಿದರೆ ಸಿಗುವುದಿಲ್ಲ. 1956ರ ನವೆಂಬರ್ 1ರ ವರೆಗೆ ಕಾಸರಗೋಡು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಬಳಿಕ ಕೇರಳದ ಕಣ್ಣೂರು ಜಿಲ್ಲೆಗೆ ಸೇರಿತು, 1984ರ ಮೇ 24ರಂದು ತಾನೇ ಜಿಲ್ಲೆಯಾಯಿತು. ಆದ್ದರಿಂದ ಇಲ್ಲಿನ ಹಳೆಯ ಶಾಸನಗಳ ಸುದ್ದಿ ಮದ್ರಾಸಿನ ಶಾಸನ ಇಲಾಖೆಯ ವಾರ್ಷಿಕ ವರದಿಗಳಲ್ಲಿ, ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ ಮಾಲೆಯಲ್ಲಿ, ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ‘ಸೌತ್ ಕೆನರಾ’ ಎಂಬ ಹೆಸರಿನ ಕೆಳಗೆ ಹರಡಿಕೊಂಡಿದೆ. ಆ ಮಾಲೆಯ 7ನೆಯ ಸಂಪುಟದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಅನೇಕ ಶಾಸನಗಳ ಪಾಠಗಳಿವೆ. 1956ರ ಅನಂತರದ ಕೆಲಸ ಕೇರಳದ ವಿದ್ವಾಂಸರ ಬರಹಗಳಲ್ಲಿದೆ, ಅದರ ಒಂದು ಪಾಲು ಮಲೆಯಾಳದಲ್ಲಿದೆ. ಮೂರು ರಾಜ್ಯಗಳ ಕಪಾಟುಗಳಲ್ಲಿ ಹಂಚಿಹೋದ ನಮ್ಮ ಚರಿತ್ರೆಯನ್ನು ಒಂದೇ ಕಪಾಟಿನಲ್ಲಿ ಹುಡುಕಿ, ‘ನಮ್ಮದೇನೂ ಇಲ್ಲ’ ಎಂದು ಬೇಸರಪಟ್ಟುಕೊಂಡವರನ್ನು ನಾನು ಬಹಳ ಕಂಡಿದ್ದೇನೆ.

ಒಂದು ಭಾಷೆ ಮಾತ್ರ ಬಂದರೂ ಸಾಲದು. ಕಾಸರಗೋಡು ಪೇಟೆಯ ತಳಂಗೆರೆಯಲ್ಲಿ ದೊರೆತ ಜಯಸಿಂಹರಾಜನ ಶಾಸನ ಕನ್ನಡದ್ದು. ಅದೇ ಜಿಲ್ಲೆಯ ತೆಂಕು ಭಾಗದಲ್ಲಿ, ಪುಲ್ಲೂರಿನ ಸಮೀಪ ಕೊಡವಲದಲ್ಲಿರುವ ಚೇರ ಪೆರುಮಾಳ್ ಭಾಸ್ಕರ ರವಿಯ ಶಾಸನ ಹಿಂದೆ ಕೇರಳ, ತಮಿಳು ನಾಡುಗಳಲ್ಲಿ ಬಳಸುತ್ತಿದ್ದ ವಟ್ಟೆಳುತ್ತು ಲಿಪಿಯದ್ದು. ಕನ್ನಡಿಗರು ತಳಂಗೆರೆಯನ್ನು ಮಾತ್ರ, ಮಲೆಯಾಳಿಗಳು ಕೊಡವಲವನ್ನು ಮಾತ್ರ ಉಲ್ಲೇಖಿಸಿ ಬರೆದರೆ ಎರಡೂ ಅರ್ಧ ಚರಿತ್ರೆಗಳೇ ಆಗುತ್ತವೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ ಮಾತಾಡುವ ನಮ್ಮ ಮಕ್ಕಳಿಗಿಂತ ಈ ಕೆಲಸಕ್ಕೆ ತಕ್ಕವರು ಬೇರೆ ಯಾರಿದ್ದಾರೆ ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ. ಇದರ ಜತೆಗೆ ಊರಿನ ಹೆಸರುಗಳ ವಿಚಾರವಿದೆ. ಹೊಸದುರ್ಗವನ್ನು ಹಳೆಯ ವರದಿಗಳು ‘ಹೊಸ್‌ದ್ರುಗ್’ ಎಂದು ಬರೆದವು, ಇಂದು ಆ ಪೇಟೆಯನ್ನು ಜನರು ಕಾಞಂಗಾಡು ಎಂದೇ ತಿಳಿದಿದ್ದಾರೆ. ಹಳೆಯ ಹೆಸರುಗಳನ್ನು ಉಳಿಸಿಕೊಳ್ಳಬೇಕೆಂದು ನಾವು ಕೇಳುವುದಕ್ಕೆ ಭಾಷಾಭಿಮಾನವೊಂದೇ ಕಾರಣವಲ್ಲ. ಹೆಸರು ಹೋದರೆ ಶಾಸನದ ವಿಳಾಸವೂ ಹೋಗುತ್ತದೆ.

ಶಾಸನ ಸಿಕ್ಕಿತೆಂದ ಮೇಲೂ ಅದು ಯಾವುದಕ್ಕೆ ಸಾಕ್ಷಿ ಎಂದು ಕೇಳಬೇಕು. ಐಹೊಳೆಯ ಮೇಗುಟಿ ದೇವಾಲಯದ ರವಿಕೀರ್ತಿಯ ಶಾಸನ ಶಕ ವರ್ಷ 556ರದ್ದು, ಅಂದರೆ ಕ್ರಿ.ಶ. 634-35. ಇಮ್ಮಡಿ ಪುಲಕೇಶಿಯು ಗಂಗರನ್ನೂ ನಮ್ಮ ಕರಾವಳಿಯ ಅರಸರಾದ ಆಳುಪರನ್ನೂ ತನ್ನ ಅಧೀನಕ್ಕೆ ತಂದನೆಂದು ಅದು ಹೇಳುವಾಗ, ಬರೆದವನು ಅದೇ ದೊರೆಯ ಕಾಲದವನಾದ್ದರಿಂದ, ಹೊಗಳಿಕೆಯ ಅತಿಶಯವನ್ನು ಕಳೆದು ಉಳಿದುದನ್ನು ನಂಬಬಹುದು. ಅದೇ ಶಾಸನ ಭಾರತ ಯುದ್ಧ ನಡೆದು 3735 ವರ್ಷಗಳಾದವು ಎಂದೂ ಲೆಕ್ಕ ಕೊಡುತ್ತದೆ. ಈ ಸಾಲನ್ನು ಎತ್ತಿ ಹಿಡಿದು ಯುದ್ಧದ ವರ್ಷ ಕಲ್ಲಿನಲ್ಲಿ ಸಾಬೀತಾಗಿದೆ ಎಂದು ಬರೆದ ಲೇಖನಗಳನ್ನು ಓದಿದ್ದೇನೆ. ಕ್ರಿ.ಶ. 7ನೆಯ ಶತಮಾನದಲ್ಲಿ ಕನ್ನಡ ನಾಡಿನ ವಿದ್ವಾಂಸರು ಅಂಥದೊಂದು ಗಣನೆಯನ್ನು ಒಪ್ಪಿದ್ದರು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ, ಅದಕ್ಕಿಂತ ಆಚೆಗೆ ಆ ಸಾಲನ್ನು ಎಳೆಯಬಾರದು. ನಮ್ಮ ಕರಾವಳಿಯ ‘ಗ್ರಾಮಪದ್ಧತಿ’ಗೂ ಇದೇ ಮಾತು ಹೊಂದುತ್ತದೆ. ಮಯೂರವರ್ಮನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದನೆಂದು ಅದು ಹೇಳುತ್ತದೆ. ಈ ಮಯೂರವರ್ಮನೇ ಎನ್ನಲಾಗುವ ಕದಂಬರ ಮಯೂರಶರ್ಮನ ಬಗ್ಗೆ ತಿಳಿಯಬೇಕಾದರೆ, ಅವನ ಕಾಲಕ್ಕೆ ಸುಮಾರು ಒಂದು ನೂರ್ವರ್ಷ ಸಮೀಪದಲ್ಲಿರುವ ತಾಳಗುಂದದ ಸ್ತಂಭಶಾಸನವನ್ನು ಮೊದಲು ನೋಡಬೇಕು. ಗುರು ವೀರಶರ್ಮನೊಡನೆ ಅವನು ಕಂಚಿಗೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು ಎಲ್ಲವನ್ನೂ ಕುಬ್ಜನೆಂಬ ಕವಿ ಅಲ್ಲಿ ಹೇಳಿದ್ದಾನೆ. ‘ಗ್ರಾಮಪದ್ಧತಿ’ ಎಷ್ಟೋ ಶತಮಾನ ಈಚಿನದು. ಅದನ್ನು ಹಳ್ಳಿಹಳ್ಳಿಗಳಲ್ಲಿ ನೆಲೆಸಿದ ಜನ ತಮ್ಮ ಮೂಲವನ್ನು ಹೇಗೆ ನೆನೆದರು ಎಂದು ತಿಳಿಯಲು ಗೌರವದಿಂದ ಓದಬೇಕು, 4ನೆಯ ಶತಮಾನದ ದಿನಚರಿಯೆಂದು ಓದಬಾರದು.

ಕಲ್ಲು, ತಾಮ್ರಗಳಲ್ಲಿ ಬರೆದದ್ದೆಲ್ಲ ನಿಜವೆಂದು ತಿಳಿಯುವವರಿಗೆ ಒಂದು ಮಾತು: ಭೂಮಿಯ ಹಕ್ಕಿಗಾಗಿ ಕೃತಕ ತಾಮ್ರಪಟಗಳನ್ನು ಮಾಡಿಸುವ ಪದ್ಧತಿ ಹಿಂದೆಯೂ ಇತ್ತು. ಪರೀಕ್ಷಿತನ ಮಗ ಜನಮೇಜಯನು ಸರ್ಪಯಾಗದ ಹೊತ್ತಿನಲ್ಲಿ ಕೊಟ್ಟ ದತ್ತಿ ಎಂದು ಹೇಳಿಕೊಳ್ಳುವ ತಾಮ್ರಶಾಸನಗಳು ಶಿವಮೊಗ್ಗದ ಕಡೆ ದೊರೆತಿವೆ, ಅವುಗಳ ಅಕ್ಷರಗಳೇ ಅವು ಬಹಳ ಈಚಿನವೆಂದು ತೋರಿಸಿಕೊಡುತ್ತವೆ. ಫ್ಲೀಟ್ ಅವರು 1901ರಲ್ಲಿ ಇಂಥ ಕೃತಕ ಶಾಸನಗಳ ಪಟ್ಟಿಯನ್ನೇ ಪ್ರಕಟಿಸಿದರು. ಗ್ರಂಥಗಳ ವಿಷಯದಲ್ಲಿ ಪರಿಷ್ಕೃತ ಆವೃತ್ತಿ ಇದ್ದರೆ ಅದನ್ನೇ ನೋಡಬೇಕೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಹಾಭಾರತಕ್ಕೆ ಪುಣೆಯ ಭಂಡಾರ್ಕರ್ ಸಂಸ್ಥೆ 1966ರಲ್ಲಿ ಪೂರ್ಣಗೊಳಿಸಿದ ಆವೃತ್ತಿಯಿದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ‘ಅರ್ಥಶಾಸ್ತ್ರ’ಕ್ಕೆ ಆರ್.ಪಿ. ಕಾಂಗ್ಲೆ ಅವರ ಪರಿಷ್ಕೃತ ಪಾಠವಿದೆ.

ಇನ್ನು ಕಲ್ಲನ್ನು ಕಣ್ಣಾರೆ ನೋಡುವ ಕೆಲಸ. ಇದನ್ನು ಹೇಳದೆ ಪತ್ರ ಮುಗಿಸಲಾರೆ. ಆ ಹುಡುಗಿಯನ್ನೂ ಅವಳ ತಮ್ಮನನ್ನೂ ಕರೆದುಕೊಂಡು ಒಂದು ಸಂಜೆ ಸಮೀಪದ ಗುಡಿಯೊಂದರ ಬಾವಿಕಟ್ಟೆಯ ಬಳಿ ಒರಗಿಸಿಟ್ಟ ಕಗ್ಗಲ್ಲಿನ ಹಲಗೆಯನ್ನು ನೋಡಲು ಹೋಗಿದ್ದೆ. ಹಗಲಿನಲ್ಲಿ ಮೊಬೈಲಿನಿಂದ ತೆಗೆದ ಫೋಟೋದಲ್ಲಿ ಅವಳಿಗೆ ಏನೂ ಕಂಡಿರಲಿಲ್ಲ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಒಂದು ಬದಿಗೆ, ಮೈಗೆ ತಾಗುವಷ್ಟು ಹತ್ತಿರ ಹಿಡಿದಾಗ, ಅಡ್ಡಬೆಳಕಿನಲ್ಲಿ ಸವೆದ ಗೀರುಗಳ ನೆರಳು ಎದ್ದು ಐದು ಸಾಲುಗಳು ಒಂದೊಂದಾಗಿ ಕಾಣಿಸಿದವು. ಮೇಲುಗಡೆ ಸೂರ್ಯ, ಚಂದ್ರ. ಎರಡನೆಯ ಸಾಲಿನ ಒಂದು ಅಕ್ಷರವನ್ನು ಅವಳು ‘ವ’ ಎಂದಳು, ತಮ್ಮ ‘ಮ’ ಎಂದ. ಟಾರ್ಚನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದರೂ ತೀರ್ಮಾನವಾಗಲಿಲ್ಲ, ಆದ್ದರಿಂದ ಎರಡನ್ನೂ ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿದೆ. ಅಕ್ಷರ ಸ್ಪಷ್ಟವಾಗಲೆಂದು ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಬಳಿಯುವುದು, ಪೈಂಟಿನಲ್ಲಿ ಗೀರನ್ನು ತುಂಬುವುದು ಯಾವುದನ್ನೂ ಮಾಡಬಾರದು, ಏಕೆಂದರೆ ಒಮ್ಮೆ ‘ಮ’ ಎಂದು ಪೈಂಟು ಹಚ್ಚಿದರೆ ಮುಂದೆ ಯಾರಿಗೂ ‘ವ’ ಕಾಣುವುದಿಲ್ಲ. ಬಲ್ಲವರು ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ಮೆಲ್ಲನೆ ಬಡಿದು ಗೀರುಗಳೊಳಗೆ ಕೂರಿಸಿ, ಅದರ ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಅಕ್ಷರ ಬಿಳಿಯಾಗಿಯೂ ಸುತ್ತಲಿನ ಭಾಗ ಕಪ್ಪಾಗಿಯೂ ಉಳಿಯುತ್ತದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗದ ಪ್ರಧಾನ ಕಚೇರಿ ಮೈಸೂರಿನಲ್ಲೇ ಇದೆ. ನಮಗೆ ಅದು ಒಂದು ಹಗಲಿನ ಪ್ರಯಾಣ.

ದುಃಖದ ವಿಷಯವೆಂದರೆ, ಆ ಐದು ಸಾಲಿನ ಕಲ್ಲಿಗೆ ಜತೆಯಾಗಿ ಇನ್ನೊಂದು ಇತ್ತೆಂದು ಹಿರಿಯರು ಹೇಳುತ್ತಾರೆ. ಜೀರ್ಣೋದ್ಧಾರದ ಕಾಲದಲ್ಲಿ ಅದನ್ನು ಮೆಟ್ಟಿಲಿಗೆ ಬಳಸಿ, ಮೇಲೆ ಸಿಮೆಂಟು ಹಾಕಿ ಗ್ರಾನೈಟು ಹಾಸಲಾಗಿದೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ ಕೆಲಸವಲ್ಲ, ಕಲ್ಲಿನ ಕೆಲಸದವರಿಗೆ ಯಾರೂ ಹೇಳಿರಲಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಕ್ವಾರಿಗಳಲ್ಲಿ, ಮನೆ ಕಟ್ಟಲು ಜೆಸಿಬಿಯಿಂದ ನೆಲ ಮಟ್ಟಮಾಡುವಾಗ, ಮುರಕಲ್ಲನ್ನು ಕೊರೆದು ಮಾಡಿದ ಪ್ರಾಚೀನ ಸಮಾಧಿ ಗುಹೆಗಳು ಬಾಯ್ತೆರೆದಾಗಲೂ ಹೀಗೆಯೇ ಆಗುತ್ತದೆ. ಒಳಗಿನ ಮಡಕೆ, ಕಬ್ಬಿಣದ ತುಂಡು ಯಾವ ಮೂಲೆಯಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂದು ಬರೆದಿಡದೆ ಹೊರಗೆ ತೆಗೆದರೆ ಅದು ಬರೀ ಮಡಕೆಯಾಗಿ ಉಳಿಯುತ್ತದೆ. ನೆಲದಲ್ಲಿ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ತಿಳಿಸಬೇಕೆಂಬ ಕಾನೂನು ಬ್ರಿಟಿಷರ ಕಾಲದಿಂದಲೇ ಇದೆ. ದಂಡದ ಭಯಕ್ಕಿಂತ ಹೆಚ್ಚಾಗಿ ತಿಳಿವಳಿಕೆಯಿಂದ ಅದನ್ನು ಪಾಲಿಸುವಂತಾಗಬೇಕು.

ತಮ್ಮ ಪತ್ರಿಕೆಯಲ್ಲಿ ನನ್ನ ಮೊದಲ ವಿನಂತಿ ಇದು. ಊರಿನ, ಕ್ಷೇತ್ರದ, ಮನೆತನದ ಪ್ರಾಚೀನ ಚರಿತ್ರೆಯ ಲೇಖನ ಬಂದಾಗ, ಅದರಲ್ಲಿ ಉಲ್ಲೇಖಿಸಿದ ಪ್ರತಿಯೊಂದು ಶಾಸನಕ್ಕೂ ಸಂಪುಟ ಮತ್ತು ಸಂಖ್ಯೆಯನ್ನು ಲೇಖಕರಿಂದ ಕೇಳಿ ಪಡೆಯಬೇಕು, ಅಪ್ರಕಟಿತವಾದರೆ ಕಲ್ಲು ಇರುವ ಸ್ಥಳವನ್ನೂ ಓದಿದವರ ಹೆಸರನ್ನೂ ಅಚ್ಚು ಮಾಡಬೇಕು. ಒಂದು ಸಾಲಿನ ಜಾಗ ಸಾಕು. ಬ್ರಹ್ಮಕಲಶೋತ್ಸವದ ಸಮಿತಿಯವರು ಸ್ಮರಣ ಸಂಚಿಕೆಗಳಲ್ಲಿ ಇದೇ ಕ್ರಮ ಇಟ್ಟುಕೊಂಡರೆ ಮುಂದಿನ ತಲೆಮಾರು ಅವರನ್ನು ನೆನೆದೀತು. ನಮ್ಮ ಪಂಚಾಯತುಗಳ ವಾಚನಾಲಯಗಳಲ್ಲಿ ಈಗ ಕಂಪ್ಯೂಟರುಗಳಿವೆ. ಮೇಲೆ ಹೇಳಿದ ಹಳೆಯ ಸಂಪುಟಗಳಲ್ಲಿ ಬಹುಪಾಲು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಹಣ ಕೊಡದೆ ಓದಲು ದೊರೆಯುತ್ತವೆ. ಅವನ್ನು ಇಳಿಸಿಟ್ಟು, ಹಳೆಯ ಕಾಸರಗೋಡು ತಾಲೂಕಿನ ಶಾಸನಗಳು ಯಾವ ಸಂಪುಟದ ಎಷ್ಟನೆಯ ಪುಟದಲ್ಲಿವೆ ಎಂಬ ಪಟ್ಟಿಯನ್ನು ಕನ್ನಡದಲ್ಲೂ ಮಲೆಯಾಳದಲ್ಲೂ ಮಾಡುವ ಕೆಲಸವನ್ನು ಕಾಲೇಜುಗಳ ಕನ್ನಡ ಮತ್ತು ಚರಿತ್ರೆ ವಿಭಾಗದ ಮಕ್ಕಳು ಒಂದು ವರ್ಷದಲ್ಲಿ ಮಾಡಿ ಮುಗಿಸಬಲ್ಲರು.

ಕೊನೆಯದಾಗಿ ತಮ್ಮ ಓದುಗರಲ್ಲಿ ಒಂದು ಕೋರಿಕೆಯಿದೆ. ಜೀರ್ಣೋದ್ಧಾರಕ್ಕೆ ಮೊದಲು ನಮ್ಮ ಗುಡಿಗಳ ಅಂಗಳಗಳಲ್ಲಿ ಎಷ್ಟೋ ಮದುವೆ, ಉಪನಯನಗಳು ನಡೆದಿವೆ, ಮನೆಯವರೆಲ್ಲ ಮೆಟ್ಟಿಲ ಮೇಲೆ, ಬಾವಿಕಟ್ಟೆಯ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ಆ ಹಳೆಯ ಆಲ್ಬಮುಗಳನ್ನು ದಯವಿಟ್ಟು ಒಮ್ಮೆ ತೆರೆದು, ನಿಂತವರ ಕಾಲಬಳಿಯ ಮತ್ತು ಬೆನ್ನಹಿಂದಿನ ಕಲ್ಲುಗಳನ್ನು ನೋಡಿ. ಅಕ್ಷರವಿರುವ ಕಲ್ಲು ಕಂಡರೆ ಫೋಟೋದ ಹಿಂಬದಿಯಲ್ಲಿ ಗುಡಿಯ ಹೆಸರು, ತೆಗೆದ ವರ್ಷ ಬರೆದಿಟ್ಟು ಒಂದು ಪ್ರತಿಯನ್ನು ಊರಿನ ವಾಚನಾಲಯಕ್ಕೆ ಕೊಡಿ. ಮೆಟ್ಟಿಲಿನಡಿ ಸೇರಿಹೋದ ನಮ್ಮ ಊರಿನ ಆ ಕಲ್ಲನ್ನು ನಾವು ಈಗ ಹುಡುಕುತ್ತಿರುವುದೂ ಇಂಥ ಆಲ್ಬಮುಗಳಲ್ಲೇ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ
ಕುಂಬಳೆ ಸಮೀಪ, ಕಾಸರಗೋಡು ಜಿಲ್ಲೆ
(ಪೂರ್ಣ ಹೆಸರು, ವಿಳಾಸವನ್ನು ಪತ್ರಿಕೆಯ ಕಚೇರಿಗೆ ತಿಳಿಸಿದ್ದೇನೆ.)